ಎಳೆಬೇರಿನ ಸದ್ದು

ಹಲ್ಲಿಗೇ ಬಾಯಿ ಬಂದರೆ ಹೇಗಿರುತ್ತದೆ ಎಂದು ಮೊದಲು ಯೋಚಿಸಿದವರು ಡಾಕ್ಟರ್ ಫಿಲೋಮಿನಾ. ಮಕ್ಕಳ ಹಲ್ಲಿನ ಡಾಕ್ಟರಾಗಿ ಅವರಿಗೆ ರೋಸಿಹೋಗಿತ್ತು. ಎಂಟು ವರ್ಷದ ಮಗುವನ್ನು ಕುರ್ಚಿಯಲ್ಲಿ ಕೂರಿಸಿ 'ನೋವಿದೆಯಾ ಪುಟ್ಟ?' ಎಂದರೆ ಅದು ಮೊದಲು ಅಮ್ಮನ ಮುಖ ನೋಡುತ್ತದೆ, ಆಮೇಲೆ ಸೂಜಿ ನೋಡುತ್ತದೆ, ಕೊನೆಗೆ 'ಇಲ್ಲ' ಎನ್ನುತ್ತದೆ. ಅಪ್ಪ ಅಮ್ಮಂದಿರಂತೂ ಇನ್ನೂ ಒಂದು ಕೈ ಮೇಲು. ಮಲಗುವ ಮುಂಚೆ ಚಾಕಲೇಟು ಕೊಡುತ್ತೀರಾ ಎಂದರೆ ಛೇ ಛೇ ಎಂದು ಕಿವಿ ಮುಟ್ಟಿಕೊಳ್ಳುತ್ತಾರೆ. ಇವರನ್ನೆಲ್ಲ ಬದಿಗಿಟ್ಟು ನೇರವಾಗಿ ಹಲ್ಲನ್ನೇ ವಿಚಾರಿಸುವಂತಿದ್ದರೆ? ಹೀಗೆಂದು ಅವರು ಒಮ್ಮೆ ಷಡಕ್ಷರಿಯ ಮುಂದೆ ಗೊಣಗಿದರು. ಷಡಕ್ಷರಿ ಇಂಜಿನಿಯರು. ಗೊಣಗಿದ್ದನ್ನು ಆರ್ಡರು ಎಂದುಕೊಂಡು ಮಾಡಿಕೊಟ್ಟೇಬಿಟ್ಟ.

ಇವರಿಬ್ಬರೂ ಇದ್ದ ಮೈಸೂರಿನ ಎಳೆಬೇರು ಕೇಂದ್ರದ ಕೆಲಸ ಏನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಕಾಣಿಸಿಕೊಂಡರೆ ನಾವು ಹಲ್ಲು ಬಂತು ಎಂದು ಸಂಭ್ರಮಪಡುತ್ತೇವೆ. ನಿಜಕ್ಕೂ ಬಂದಿರುವುದು ತಲೆ ಮಾತ್ರ. ಒಸಡಿನೊಳಗೆ ಬೇರು ಇನ್ನೂ ಅರ್ಧಂಬರ್ಧ. ಗೋಡೆ ತೆಳು, ತುದಿ ಆಲಿಕೆಯ ಬಾಯಿಯ ಹಾಗೆ ತೆರೆದಿರುತ್ತದೆ. ಅದು ತುಂಬಿಕೊಂಡು ಮುಚ್ಚಲು ಎರಡು ಮೂರು ವರ್ಷ ಬೇಕು. ಆ ನಡುವೆ ಮಗು ಎಲ್ಲೋ ಬಿದ್ದು ಹಲ್ಲಿಗೆ ಪೆಟ್ಟಾದರೆ ಒಳಗಿನ ತಿರುಳು ಸತ್ತುಹೋಗುತ್ತದೆ, ಬೇರು ಇದ್ದಲ್ಲೇ ನಿಂತುಬಿಡುತ್ತದೆ. ಹಿಂದೆಲ್ಲ ಒಳಗೆ ಸಿಮೆಂಟು ತುಂಬಿ ಕಳಿಸುತ್ತಿದ್ದರು. ನೋಡುವುದಕ್ಕೆ ಹಲ್ಲೇ. ಆದರೆ ಗೋಡೆ ದಪ್ಪವಾಗದ ಹಲ್ಲು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಒಂದು ಸೀಬೆಕಾಯಿ ಕಚ್ಚಿದಾಗ ಪಟ್ಟನೆ ಮುರಿಯುತ್ತಿತ್ತು.

ಕೇಂದ್ರದಲ್ಲಿ ಹಾಗೆ ಮಾಡುವುದಿಲ್ಲ. ಹಲ್ಲಿನ ಒಳಗನ್ನು ಔಷಧದಿಂದ ತೊಳೆದು, ಬೇರಿನ ತುದಿಯಾಚೆ ಸಣ್ಣ ಸೂಜಿ ತಾಗಿಸಿ, ಮಗುವಿನದೇ ಒಂದು ತೊಟ್ಟು ರಕ್ತವನ್ನು ಒಳಕ್ಕೆ ಬರಿಸುತ್ತಾರೆ. ಅದು ಹೆಪ್ಪುಗಟ್ಟಿ ಚಪ್ಪರವಾಗುತ್ತದೆ. ಬೇರಿನ ಬುಡದಲ್ಲಿ ಸುಮ್ಮನೆ ಕುಳಿತಿದ್ದ ಎಳೆಯ ಜೀವಕೋಶಗಳು ಹಾಗಲಬಳ್ಳಿಯ ಹಾಗೆ ಆ ಚಪ್ಪರ ಹತ್ತಿ ಮತ್ತೆ ತಿರುಳಾಗುತ್ತವೆ. ನಿಂತ ಬೇರು ಮತ್ತೆ ಬೆಳೆಯತೊಡಗುತ್ತದೆ. ಮೇಲೆ ಬಿಳಿ ಸಿಮೆಂಟಿನ ಮುಚ್ಚಳ. ಆ ಮುಚ್ಚಳದೊಳಗೆ ಸಾಸಿವೆಗಿಂತ ಚಿಕ್ಕದಾದ ಷಡಕ್ಷರಿಯ ಚಿಪ್.

ಮಗು ಅಗಿಯುವ ಬಲದಿಂದಲೇ ವಿದ್ಯುತ್ತು ಮಾಡಿಕೊಂಡು ಆ ಚಿಪ್ ಹಲ್ಲಿನ ಕಂಪನವನ್ನೂ ಬಿಸಿಯನ್ನೂ ಮನೆಯ ಫೋನಿನ ಮೂಲಕ ಕೇಂದ್ರಕ್ಕೆ ಕಳಿಸುತ್ತಿತ್ತು. ಪ್ರತಿ ಹಲ್ಲಿಗೂ ಒಂದು ಸಣ್ಣ ಗುಂಯ್‌ಗುಟ್ಟುವ ಸ್ವರವಿದೆ; ಬೇರು ದಪ್ಪವಾದಂತೆ ಆ ಸ್ವರ ತಗ್ಗುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತರೆ ಯಾದಗಿರಿಯ ಹುಡುಗನ ಬೇರು ಬೆಳೆಯುತ್ತಿದೆಯೋ ಇಲ್ಲವೋ ಮೈಸೂರಿನಲ್ಲಿ ತಿಳಿಯುತ್ತಿತ್ತು. ಒಂದೇ ತೊಡಕು. ಮನೆಯಲ್ಲಿ ಆಡಿದ ಮಾತೂ ದವಡೆಯ ಮೂಳೆ ಹಾದು ಹಲ್ಲಿಗೆ ಬರುತ್ತದೆ. ಅದಕ್ಕೆ ಷಡಕ್ಷರಿ ಒಂದು ಜರಡಿ ಹಿಡಿದ. ಅಕ್ಷರವೆಲ್ಲ ಉದುರಿಹೋಗಿ ಬರೀ ತಾಳ ಉಳಿಯುವಂತೆ ಮಾಡಿದ.

"ಮಾತು ಅವರವರ ಮನೇಲೇ ಇರ್ಲಿ ಮೇಡಂ. ನಮಗೆ ಟಕ ಟಕ ಸಾಕು" ಎಂದಿದ್ದ. ಅದಲ್ಲದೆ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ವಾರಕ್ಕೊಮ್ಮೆ ಎಲ್ಲರೂ ಕೇಳುಕೋಣೆಯಲ್ಲಿ ಸೇರಿ, ಬೆಳವಣಿಗೆ ನಿಂತ ಹಲ್ಲುಗಳ ಸದ್ದನ್ನು ಒಟ್ಟಿಗೆ ಕೇಳಬೇಕು. ಮಗುವಿನ ಹೆಸರು, ಊರು ಯಾರಿಗೂ ಹೇಳುವಂತಿಲ್ಲ. ಮಂತ್ರಿಯ ಮಗನ ಹಲ್ಲೆಂದು ಹೆಚ್ಚು ಹೊತ್ತು ಕೇಳುವುದು, ಆಟೋದವರ ಮಗಳದೆಂದು ಬೇಗ ಮುಗಿಸುವುದು ಆಗಬಾರದೆಂದು ಫಿಲೋಮಿನಾ ಮಾಡಿದ ಕಟ್ಟಳೆ ಅದು.

ಷಡಕ್ಷರಿಯ ಸ್ವಂತ ಮಗಳ ಹಲ್ಲಿನಲ್ಲೂ ಅಂಥದೊಂದು ಚಿಪ್ ಇತ್ತು. ಧಾತ್ರಿ ಮೂರನೇ ಕ್ಲಾಸು. ಶಾಲೆಯ ನಲ್ಲಿಗೆ ಬಾಯಿ ಕೊಟ್ಟು ನೀರು ಕುಡಿಯುವಾಗ ಹಿಂದಿನವಳು ತಳ್ಳಿದ್ದಳು. ಮೇಲಿನ ಮುಂಬಲ್ಲಿಗೆ ಪೆಟ್ಟು ಬಿದ್ದು, ಹಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಕೇಂದ್ರದ ಇನ್ನೊಬ್ಬ ಡಾಕ್ಟರು ಚಿಕಿತ್ಸೆ ಮಾಡಿ, ಬೇರು ಚೆನ್ನಾಗಿ ಹಿಡಿದಿದೆ ಎಂದು ಹೇಳಿ ಕಳಿಸಿದ್ದರು.

ಷಡಕ್ಷರಿ ಕೆಟ್ಟ ತಂದೆಯೇನಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಮಗಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ದನಿಯನ್ನೂ ಎತ್ತಿದವನಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು: ಮಗ್ಗಿ. ಅವನ ತಾತನದು ಮಂಡ್ಯದಲ್ಲಿ ಬೆಲ್ಲದ ಮಂಡಿ. ಎಷ್ಟು ಅಚ್ಚು, ಎಷ್ಟು ತೂಕ, ಎಲ್ಲ ಲೆಕ್ಕವೂ ಬಾಯಲ್ಲೇ. ಆ ತಾತ ಹೇಳಿಕೊಟ್ಟದ್ದು ಕಾಲು, ಅರೆ, ಮುಕ್ಕಾಲಿನ ಮಗ್ಗಿ. ಈಗ ಶಾಲೆಯಲ್ಲಿ ಹತ್ತರ ಮಗ್ಗಿ ಹೇಳಿದರೇ ಟೀಚರು ಚಪ್ಪಾಳೆ ಹೊಡೆಸುತ್ತಾರೆ; ಮುಕ್ಕಾಲರ ಮಗ್ಗಿ ಎಂದರೆ ಏನೆಂದು ಟೀಚರಿಗೇ ಗೊತ್ತಿಲ್ಲ. ಕ್ಯಾಂಟೀನಿನಲ್ಲಿ ಷಡಕ್ಷರಿ ಎದೆಯುಬ್ಬಿಸಿ ಹೇಳುತ್ತಿದ್ದ, "ಇಡೀ ಮೈಸೂರಲ್ಲಿ ಮುಕ್ಕಾಲರ ಮಗ್ಗಿ ಕಲೀತಿರೋ ಮಗು ನನ್ ಮಗಳು ಒಬ್ಬಳೇ ಕಣ್ರೀ."

ದಿನಾ ಸಂಜೆ ಅವನು ಸ್ಕೂಟರ್ ನಿಲ್ಲಿಸಿ, ಕಾಲು ತೊಳೆದು ಕೂರುವ ಹೊತ್ತಿಗೆ ಧಾತ್ರಿ ಎದುರಿಗೆ ಬಂದು ನಿಲ್ಲಬೇಕು.

"ಮುಕ್ಕಾಲೊಂದ್ಲ ಮುಕ್ಕಾಲು. ಮುಕ್ಕಾಲೆರಡ್ಲ ಒಂದೂವರೆ. ಮುಕ್ಕಾಲ್ ಮೂರ್ಲ ಎರಡೂಕಾಲು. ಮುಕ್ಕಾಲ್ ನಾಕ್ಲ ಮೂರು..."

ಏಳರ ಹತ್ತಿರ ಬಂದರೆ ಬಂಡಿ ನಿಲ್ಲುತ್ತಿತ್ತು. ಷಡಕ್ಷರಿ ಬೈಯುತ್ತಿರಲಿಲ್ಲ. ಸುಮ್ಮನೆ ಮಗಳ ಮುಖ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, "ಹೂಂ?" ಎನ್ನುತ್ತಿದ್ದ. ಅವಳು ತಪ್ಪು ಹೇಳಿದರೆ ನಗುನಗುತ್ತಲೇ, "ಮೊದ್ಲಿಂದ" ಎನ್ನುತ್ತಿದ್ದ. ಎಷ್ಟು ಸಲವಾದರೂ ಅಷ್ಟೇ ಮೆತ್ತಗೆ, ಮೊದ್ಲಿಂದ. ಅಡುಗೆಮನೆಯಿಂದ ಹೆಂಡತಿ ಚೈತ್ರ, "ಸಾಕು ಬಿಡ್ರೀ, ಊಟ ಮಾಡ್ಲಿ" ಎಂದರೆ, "ನಾನೇನು ಹೊಡೀತಿದ್ದೀನಾ? ಅವಳಿಗೆ ಬರುತ್ತೆ, ತಡಿ" ಎನ್ನುತ್ತಿದ್ದ.

ಆ ಸೋಮವಾರ ಕೇಳುಕೋಣೆಯಲ್ಲಿ ಸದ್ದು ಹಾಕುವ ಸರದಿ ಮುದಸ್ಸಿರ್‌ನದು. ಚಿಕ್ಕ ವಯಸ್ಸಿನ, ಸದಾ ತಮಾಷೆಯ ಮನುಷ್ಯ. ಕೇಂದ್ರದಲ್ಲಿ ಅವನಷ್ಟು ಸೂಕ್ಷ್ಮ ಕಿವಿ ಇನ್ನೊಬ್ಬರಿಗಿರಲಿಲ್ಲ.

"ಇದೊಂದು ಹಲ್ಲು ನೋಡಿ ಮೇಡಂ. ಶುರುವಿನಲ್ಲಿ ಚೆನ್ನಾಗಿ ಬೆಳೀತಿತ್ತು. ಈಗ ನಿಂತೇಹೋಗಿದೆ. ಬೆಳಗ್ಗೆಯೆಲ್ಲ ಸರಿಯಾಗೇ ಇರುತ್ತೆ. ಸಂಜೆ ಏನೋ ಆಗುತ್ತೆ, ಕೇಳಿ."

ಗುಂಡಿ ಒತ್ತಿದ. ಕೋಣೆ ತುಂಬ ಟಕ ಟಕ ತಾಳ. ಮಗು ಏನನ್ನೋ ಒಪ್ಪಿಸುತ್ತಿದೆ. ಸ್ವಲ್ಪ ದೂರ ಸರಾಗವಾಗಿ ಹೋಗಿ ತಟ್ಟನೆ ನಿಂತಿತು. ಆಮೇಲೆ ಕರ್ರ್ ಎಂದು ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಒತ್ತಿ ಅರೆಯುವ ಸದ್ದು. ಒಂದಷ್ಟು ಹೊತ್ತು ಅದೇ. ಮತ್ತೆ ಟಕ ಟಕ, ಮೊದಲಿನಿಂದ. ಮತ್ತೆ ಅಲ್ಲೇ ನಿಲ್ಲುವುದು. ಮತ್ತೆ ಕರ್ರ್.

ಮುದಸ್ಸಿರ್ ನಕ್ಕ. "ಬಾಯಿಪಾಠ ಮಾಡಿಸ್ತಾ ಇದಾರೆ ಸಾರ್. ಎದುರಿಗೆ ಯಾರೋ ಪುಣ್ಯಾತ್ಮ ಕೂತಿರಬೇಕು. ತಪ್ಪಿದ್ರೆ ಮತ್ತೆ ಮೊದ್ಲಿಂದ. ನಮ್ ಟ್ಯೂಶನ್ ಮೇಷ್ಟ್ರು ಹಿಂಗೇ ಇದ್ರು, ಅವರ ಗೇಟ್ ನೋಡಿದ್ರೇ ನನಗೆ ಹೊಟ್ಟೆನೋವು ಬರ್ತಿತ್ತು."

ಎಲ್ಲರೂ ನಕ್ಕರು. ಷಡಕ್ಷರಿಯೂ ನಕ್ಕ. ನಗುತ್ತಿದ್ದಾಗಲೇ ಅವನ ಬೆರಳು ಮೇಜಿನ ಮೇಲೆ ತಾನಾಗಿ ತಾಳ ಹಾಕತೊಡಗಿತ್ತು. ಮೂರು ಉದ್ದದ ಉತ್ತರ, ಆಮೇಲೊಂದು ಗಿಡ್ಡ. ಮುಕ್ಕಾಲು, ಒಂದೂವರೆ, ಎರಡೂಕಾಲು, ಮೂರು. ಮೂರೂಮುಕ್ಕಾಲು, ನಾಲ್ಕೂವರೆ, ಅಲ್ಲಿಗೆ ನಿಂತಿತು. ಏಳರಲ್ಲಿ. ಬೇರೆ ಯಾವ ಪದ್ಯಕ್ಕೂ, ಯಾವ ಶ್ಲೋಕಕ್ಕೂ ಆ ನಡಿಗೆ ಇಲ್ಲ. ಇಡೀ ಮೈಸೂರಲ್ಲಿ ಒಬ್ಬಳೇ ಎಂದು ಅವನೇ ಸಾರಿದ್ದ.

ಅವನ ಬೆರಳು ನಿಂತಿತು. ಈ ಕೋಣೆಯಲ್ಲಿ ಯಾರಿಗಾದರೂ ಗೊತ್ತಾಯಿತೇ ಎಂದು ಒಬ್ಬೊಬ್ಬರ ಮುಖವನ್ನೂ ಕಳ್ಳನ ಹಾಗೆ ನೋಡಿದ. ಮಗಳ ಹಲ್ಲಿನ ಯೋಚನೆ ಅವನಿಗೆ ಬಂದದ್ದು ಅದಾದ ಮೇಲೆ.

ಫಿಲೋಮಿನಾ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಎರಡರಲ್ಲಿ ಒಂದು" ಎಂದರು. "ಮಗು ಹೆದರಿ ಹಲ್ಲು ಕಚ್ಚುತ್ತಿದೆ. ಹೆದರಿಕೆಗೆ ರಕ್ತನಾಳ ಬಿಗಿಯುತ್ತೆ, ಕಚ್ಚಿದಾಗ ಬೇರಿನ ಮೆತ್ತನೆ ತುದಿ ನಜ್ಜುತ್ತೆ. ಎರಡೂ ಸೇರಿದ್ರೆ ಎಳೇ ಕೋಶಕ್ಕೆ ಉಸಿರೇ ಸಿಗಲ್ಲ. ಹಾಗಾಗಿದ್ರೆ ನಾವು ಹಲ್ಲು ಮುಟ್ಟೋ ಹಾಗೇ ಇಲ್ಲ, ಮನೆಯವರ ಹತ್ರ ಮಾತಾಡಬೇಕು ಅಷ್ಟೇ. ಇಲ್ಲಾ ಒಳಗೆ ಸೋಂಕು ಉಳಿದಿದೆ, ನೋವಿಗೆ ಕಚ್ಚುತ್ತಿದೆ. ಹಾಗಾದ್ರೆ ತಕ್ಷಣ ಬಿಚ್ಚಬೇಕು. ಬಿಚ್ಚಿ ತೊಳೆದ್ರೆ ಬೆಳೆದ ತಿರುಳೆಲ್ಲ ಹೋಗುತ್ತೆ. ಇನ್ನೊಂದು ಸಲ ಚಿಗುರೋಷ್ಟು ಶಕ್ತಿ ಆ ಬೇರಿಗಿಲ್ಲ, ಸಿಮೆಂಟೇ ಗತಿ." ಕಣ್ಣು ತೆರೆದು ಕೇಳಿದರು, "ಷಡಕ್ಷರಿ, ಚಿಪ್ ಏನನ್ನುತ್ತೆ? ತುದೀಲಿ ಸೋಂಕಿನ ಬಿಸಿ ಏನಾದ್ರೂ ತೋರಿಸಿದೆಯಾ?"

ಬಿಸಿ ತೋರಿಸಿರಲಿಲ್ಲ. ಚಿಪ್ಪಿನ ಅಂಕಿಗಳನ್ನು ನೋಡುತ್ತಿದ್ದ ಷಡಕ್ಷರಿಗೆ ಅದು ಗೊತ್ತಿತ್ತು. ಇಲ್ಲ ಎಂದರೆ ಉಳಿಯುವುದು ಹೆದರಿಕೆ. ಹೆದರಿಕೆ ಎಂದರೆ ಮನೆಯವರಿಗೆ ಕರೆ ಹೋಗುತ್ತದೆ, ಆ ಪುಣ್ಯಾತ್ಮ ಯಾರೆಂದು ಎಲ್ಲರಿಗೂ ತಿಳಿಯುತ್ತದೆ.

"ಸ್ವಲ್ಪ ಬಿಸಿ ಇದ್ದ ಹಾಗಿತ್ತು ಮೇಡಂ" ಎಂದ.

ಇವತ್ತಿನಿಂದಲೇ ಮನೆಯಲ್ಲಿ ಮಗ್ಗಿ ನಿಲ್ಲಿಸುತ್ತೇನೆ, ಎರಡು ದಿನದಲ್ಲಿ ಸದ್ದು ಸರಿಹೋದರೆ ಇವರು ಹಲ್ಲು ಬಿಚ್ಚುವ ಮಾತೇ ಬಿಡುತ್ತಾರೆ ಎಂದು ಲೆಕ್ಕ ಹಾಕಿದ್ದ. ಲೆಕ್ಕದ ವಂಶದವನು. ತನ್ನ ಮಾನ ಉಳಿಯಲೆಂದು ಮಗಳ ಹಲ್ಲನ್ನು ಪಣಕ್ಕಿಟ್ಟ. ನೆವ ಎಷ್ಟು ಹೇಳಿದರೂ ಅದರ ಹೆಸರು ಅದೇ.

"ಹಾಗಾದ್ರೆ ಗುರುವಾರ ಬಿಚ್ಚೋಣ" ಎಂದರು ಫಿಲೋಮಿನಾ.

ಅಂದು ಸಂಜೆ ಅವನು ಕಾಲು ತೊಳೆದು ಕೂತಾಗ ಧಾತ್ರಿ ಆಗಲೇ ಎದುರು ನಿಂತಿದ್ದಳು, ಕೈ ಹಿಂದೆ ಕಟ್ಟಿಕೊಂಡು.

"ಇವತ್ತು ಮಗ್ಗಿ ಬೇಡ ಪುಟ್ಟ, ಆಟ ಆಡ್ಕೋ ಹೋಗು."

ಅವಳು ಕದಲಲಿಲ್ಲ. ಕಣ್ಣಲ್ಲಿ ನೀರು ಬಂತು. "ನಾನ್ ಹೇಳ್ತೀನಿ ಅಪ್ಪಾಜಿ. ಇವತ್ತು ತಪ್ಪಲ್ಲ. ಸ್ಕೂಲಲ್ಲಿ ಊಟದ ಬೆಲ್‌ನಲ್ಲೂ ಹೇಳ್ಕೊಂಡಿದ್ದೀನಿ" ಎಂದಳು. ಬೇಡ ಎಂದದ್ದೂ ಒಂದು ಶಿಕ್ಷೆ ಎಂದೇ ಅವಳು ತಿಳಿದಳು. ಅವನು ಮತ್ತೆ ಬೇಡ ಎಂದ. ಅವಳು ನಿಂತಲ್ಲೇ, ಕೇಳಿಸದ ಹಾಗೆ, ತುಟಿ ಅಲ್ಲಾಡಿಸುತ್ತ ಹೇಳಿಕೊಂಡಳು. ಏಳರ ಹತ್ತಿರ ದವಡೆ ಬಿಗಿಯುವುದು ಹೆಡ್‌ಫೋನ್ ಇಲ್ಲದೆಯೂ ಕಾಣುತ್ತಿತ್ತು. ಇಷ್ಟು ದಿನ ತಾನು ಎದುರಿಗೇ ಕೂತು ನೋಡಿದ್ದು ಏನನ್ನು ಎಂದು ಷಡಕ್ಷರಿಗೆ ನಾಚಿಕೆಯಾಯಿತು.

ಮರುದಿನ ಚೈತ್ರಳ ಫೋನಿಗೆ ಕೇಂದ್ರದಿಂದ ಕರೆ ಬಂತು.

"ಏನ್ರೀ, ಗುರುವಾರ ಹಲ್ಲು ಬಿಚ್ಚಬೇಕಂತೆ! ಸೋಂಕಾಗಿದೆಯಂತೆ. ಬೆಳೆದದ್ದೆಲ್ಲ ತೆಗೆದು ಸಿಮೆಂಟ್ ಹಾಕ್ತಾರಂತೆ. ನೀವು ಅಲ್ಲೇ ಇದ್ದು ನಿಮಗೆ ಗೊತ್ತಾಗಲಿಲ್ವಾ?"

"ನಮಗೆ ಹೆಸರು ಹೇಳಲ್ಲ, ಚೈತ್ರ" ಎಂದ ಷಡಕ್ಷರಿ. ಅದು ನಿಜವೇ ಆಗಿತ್ತು.

"ಪಾಪ, ಮಗು ನೋವು ಅಂತ ಒಂದು ಮಾತೂ ಹೇಳಲಿಲ್ಲ ನೋಡ್ರೀ. ನಾನೇ ಗಮನಿಸಬೇಕಿತ್ತು" ಎಂದು ಚೈತ್ರ ತನ್ನನ್ನೇ ಬೈದುಕೊಂಡಳು. ಆಗಲಾದರೂ ಅವನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಗುರುವಾರ ಚೈತ್ರಳ ಜೊತೆ ಮಗಳ ಕೈ ಹಿಡಿದು ಬಂದ ಷಡಕ್ಷರಿಯನ್ನು ನೋಡಿ ಫಿಲೋಮಿನಾ ಬೆಚ್ಚಿದರು. "ಅಯ್ಯೋ, ನಿಮ್ ಮಗಳೇನ್ರೀ! ಒಂದು ಮಾತು ಹೇಳಬಾರದಿತ್ತಾ?" ಎಂದರು. ಯಂತ್ರ ನೋಡಿಕೊಳ್ಳಲು ನಿಂತಿದ್ದ ಮುದಸ್ಸಿರ್ ಧಾತ್ರಿಗೆ ಕಣ್ಣು ಮಿಟುಕಿಸಿ ನಗಿಸಲು ನೋಡಿದ. ಎಕ್ಸ್‌ರೇಯಲ್ಲಿ ಸೋಂಕಿನ ನೆರಳೇನೂ ಇರಲಿಲ್ಲ. ಫಿಲೋಮಿನಾ ಹುಬ್ಬು ಗಂಟಿಕ್ಕಿ, "ಬಿಸಿ ತೋರಿಸಿದೆ ಅಂದ್ರಲ್ಲ, ಇನ್ನೂ ಶುರು ಇರಬೇಕು" ಎಂದುಕೊಂಡರು. ಆದರೂ ಮನಸ್ಸು ಒಪ್ಪದೆ ಕುರ್ಚಿ ಎಳೆದುಕೊಂಡು ಮಗುವಿನ ಪಕ್ಕ ಕೂತರು.

"ಧಾತ್ರಿ, ಸಂಜೆ ಹೊತ್ತು ನಿನಗೆ ಹಲ್ಲು ನೋಯುತ್ತಾ?"

"ಇಲ್ಲ ಆಂಟಿ."

"ಮನೇಲಿ ಯಾರಾದ್ರೂ ಬೈತಾರಾ? ನಿಜ ಹೇಳು, ನಾನು ಯಾರಿಗೂ ಹೇಳಲ್ಲ."

ಧಾತ್ರಿ ಅಪ್ಪನ ಮುಖ ನೋಡಿದಳು. ಆಮೇಲೆ ಗಟ್ಟಿಯಾಗಿ ತಲೆಯಾಡಿಸಿದಳು. "ಯಾರೂ ಬೈಯಲ್ಲ. ಅಪ್ಪಾಜಿ ತುಂಬ ಒಳ್ಳೇವ್ರು. ನಾನೇ ದಡ್ಡಿ ಆಂಟಿ. ಎಷ್ಟು ಹೇಳಿಕೊಟ್ಟರೂ ನನಗೆ ಬರಲ್ಲ" ಎಂದಳು. ಅಷ್ಟು ಹೇಳಿ, ಇನ್ನೊಂದು ಪ್ರಶ್ನೆ ಬರುವ ಮುಂಚೆ ತಾನೇ ದೊಡ್ಡದಾಗಿ ಬಾಯಿ ತೆರೆದಳು.

ಫಿಲೋಮಿನಾ ಕೊರೆಯುವ ಯಂತ್ರ ಕೈಗೆ ತೆಗೆದುಕೊಂಡರು. ಅದು ಸುಯ್ ಎಂದಿತು.

"ಮೇಡಂ, ನಿಲ್ಸಿ" ಎಂದ ಷಡಕ್ಷರಿ. ದನಿ ಅವನದಲ್ಲದ ಹಾಗಿತ್ತು. "ಬಿಸಿ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಅವತ್ತು ಕೇಳಿದ್ರಲ್ಲ, ಅದು ಮುಕ್ಕಾಲರ ಮಗ್ಗಿ. ಎದುರಿಗೆ ಕೂತಿದ್ದವನು ನಾನು. ನನಗೆ ಅವತ್ತೇ ಗೊತ್ತಾಯ್ತು."

ಯಂತ್ರದ ಸದ್ದು ನಿಂತಿತು. ಮುದಸ್ಸಿರ್ ನೆಲ ನೋಡಿದ. ಪುಣ್ಯಾತ್ಮ ಎಂದು ನಕ್ಕಿದ್ದು ನೆನಪಾಗಿರಬೇಕು. ಫಿಲೋಮಿನಾ ಬೈಯಲಿಲ್ಲ. ಯಂತ್ರವನ್ನು ತಟ್ಟೆಯಲ್ಲಿಟ್ಟು, ಕೈಗವಸು ಕಳಚಿ, "ಒಂದು ನಿಮಿಷ ತಡ ಮಾಡಿದ್ರೆ ನಾನು ಬಿಚ್ಚಿಬಿಡ್ತಿದ್ದೆ ಷಡಕ್ಷರಿ" ಎಂದರು, ಅಷ್ಟೇ. ಚೈತ್ರ ಗಂಡನ ಕಡೆ ತಿರುಗಿಯೂ ನೋಡದೆ ಮಗಳ ಬಾಯಿ ಒರೆಸಿ, ಎತ್ತಿಕೊಂಡು ಹೊರಗೆ ಹೋದಳು. ಮೂರನೇ ಕ್ಲಾಸಿನ ಮಗುವನ್ನು ಎತ್ತಿಕೊಳ್ಳುವುದು ಸುಲಭವಲ್ಲ, ಆದರೂ ಎತ್ತಿಕೊಂಡಳು. ಅಮ್ಮನ ಹೆಗಲ ಮೇಲಿಂದ ಧಾತ್ರಿ, "ನಾನೇನೂ ಹೇಳಲಿಲ್ಲ ಅಪ್ಪಾಜಿ" ಎಂದು ಕೂಗಿ ಹೇಳಿದಳು. ಆ ಮಾತು ಕೇಳಿ ಷಡಕ್ಷರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಕೆಲಸದಿಂದ ಯಾರೂ ತೆಗೆಯಲಿಲ್ಲ. ತೆಗೆದಿದ್ದರೆ ವಾಸಿಯಿತ್ತು. ಷಡಕ್ಷರಿ ಕ್ಯಾಂಟೀನಿಗೆ ಹೋಗುವುದನ್ನು ಬಿಟ್ಟು ಡಬ್ಬಿಯನ್ನು ತನ್ನ ಮೇಜಿನ ಮೇಲೇ ಬಿಚ್ಚತೊಡಗಿದ. ಮನೆಯಲ್ಲಿ ಮಗ್ಗಿಯ ಮಾತೇ ಹೋಯಿತು. ಚೈತ್ರ ಬೇಕಾದಷ್ಟೇ ಮಾತಾಡುತ್ತಿದ್ದಳು. ಧಾತ್ರಿಗೆ ಅವನು ಬಣ್ಣದ ಪೆನ್ಸಿಲ್ ತಂದ, ಗಾಳಿಪಟ ತಂದ. ಅವಳು 'ಥ್ಯಾಂಕ್ಸ್ ಅಪ್ಪಾಜಿ' ಎಂದು ಎರಡೂ ಕೈಯಲ್ಲಿ ಈಸಿಕೊಂಡು, ಸರಿಯಾಗಿ ಉಪಯೋಗಿಸಿ, ಜಾಗದಲ್ಲಿ ಎತ್ತಿಡುತ್ತಿದ್ದಳು.

ಹಲ್ಲಿನ ಸ್ವರ ಮತ್ತೆ ತಗ್ಗತೊಡಗಿತು. ಬೇರು ಬದುಕಿತ್ತು. ಆದರೆ ಬೆಳೆಯಬೇಕಾದಷ್ಟು ಬೆಳೆಯುತ್ತಿರಲಿಲ್ಲ. ಒಂದು ಸಂಜೆ ಫಿಲೋಮಿನಾ ಅವನನ್ನು ಕೇಳುಕೋಣೆಗೆ ಕರೆದರು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಮತ್ತೆ ಶುರು ಮಾಡಿದ್ದೀರಾ?"

"ಇಲ್ಲ ಮೇಡಂ, ಆಣೆ ಮಾಡಿ ಹೇಳ್ತೀನಿ."

"ಒಪ್ಪಿಸೋ ತಾಳ ಇಲ್ಲ, ನಿಜ. ಆದ್ರೆ ದಿನಾ ಸಂಜೆ ಹಲ್ಲು ಕಚ್ಚೋದು ಮಾತ್ರ ಹಾಗೇ ಇದೆ. ಯಾವುದಕ್ಕೆ ಅಂತ ನನಗೊಂದು ಅನುಮಾನ. ಅನುಮಾನ ಸುಳ್ಳಾಗ್ಲಿ ಅಂತಾನೇ ಕರೆದೆ. ಕೂತ್ಕೊಳ್ಳಿ."

ಹೆಡ್‌ಫೋನಿನ ಒಂದು ಬದಿಯನ್ನು ಅವನ ಎಡಕಿವಿಗೆ ಇಟ್ಟು, ಧಾತ್ರಿಯ ಹಲ್ಲನ್ನು ನೇರವಾಗಿ ಹಾಕಿದರು. ಅವಳು ಏನೋ ತಿನ್ನುತ್ತಿದ್ದಳು. ಕಡ್ಲೆಪುರಿ ಇರಬೇಕು, ಗರಿಗರಿ, ಆದರೆ ಹಗುರ. ನಡುನಡುವೆ ಯಾವುದೋ ಹಾಡಿನ ತಾಳ. ಕೆಳಗೆ, ಒಂದೇ ಸಮನೆ, ಬೇರು ಬೆಳೆಯುವ ಗುಂಯ್ ಸ್ವರ. ಮಗಳು ಇಷ್ಟು ಆರಾಮಾಗಿ ಇರುವುದನ್ನು ಷಡಕ್ಷರಿ ನೋಡಿರಲೇ ಇಲ್ಲ.

"ಈಗ ಮನೆಗೆ ಫೋನ್ ಮಾಡಿ, ಅವಳ ಹತ್ರ ಮಾತಾಡಿ."

ಬಲಕಿವಿಗೆ ಫೋನ್ ಹಿಡಿದ. ಚೈತ್ರ ಎತ್ತಿ ಮಗಳಿಗೆ ಕೊಟ್ಟಳು.

"ಧಾತ್ರಿ ಪುಟ್ಟ, ನಾನು ಅಪ್ಪಾಜಿ."

ಎಡಕಿವಿಯಲ್ಲಿ ಅಗಿಯುವ ಸದ್ದು ಅಲ್ಲಿಗೇ ನಿಂತಿತು. ಹಾಡು ನಿಂತಿತು. ಬಾಯಲ್ಲಿದ್ದದ್ದನ್ನು ಹಾಗೇ ಗುಳುಕ್ಕೆಂದು ನುಂಗಿದಳು. ಆಮೇಲೆ ಕರ್ರ್ ಎಂದಿತು.

"ಏನ್ ಮಾಡ್ತಿದ್ದೀಯ?"

"ಓದ್ತಾ ಇದ್ದೀನಿ ಅಪ್ಪಾಜಿ" ಎಂದಿತು ಬಲಕಿವಿ.

ಷಡಕ್ಷರಿ ಮಾತು ಹುಡುಕಿದ. ಏನಾದರೂ ಹೇಳಬೇಕು, ಅವಳು ಕಚ್ಚಿದ ಹಲ್ಲು ಸಡಿಲಿಸುವಂಥದ್ದು. ಊಟ ಆಯ್ತಾ? ಹೋಂವರ್ಕ್ ಏನಿದೆ? ಸ್ಕೂಲಲ್ಲಿ ಏನು ಹೇಳಿಕೊಟ್ಟರು? ನಾಲಿಗೆಯ ತುದಿಗೆ ಬಂದದ್ದೆಲ್ಲ ಪ್ರಶ್ನೆ. ಮಗಳು ಹುಟ್ಟಿದಾಗಿನಿಂದ ಅವಳೊಡನೆ ಉತ್ತರ ಬೇಡದ ಒಂದು ಮಾತನ್ನೂ ತಾನು ಆಡಿಲ್ಲವೇನೋ ಎನ್ನಿಸಿತು. ಎಡಕಿವಿಯಲ್ಲಿ ಹಲ್ಲು ಹಲ್ಲನ್ನು ಒತ್ತಿ ಕಾಯುತ್ತಲೇ ಇತ್ತು. ಫಿಲೋಮಿನಾ ಕಿಟಕಿಯ ಕಡೆ ತಿರುಗಿಕೊಂಡರು.

"ಏನಿಲ್ಲ ಪುಟ್ಟ" ಎಂದ ಕೊನೆಗೆ. "ನಾನು ಬರೋದು ಇವತ್ತು ಲೇಟಾಗುತ್ತೆ. ಅದನ್ನ ಹೇಳೋಣ ಅಂತ ಮಾಡ್ದೆ."

"ಸರಿ ಅಪ್ಪಾಜಿ."

ಹಲ್ಲು ಬಿಟ್ಟಿತು. ಅದೂ ಕೇಳಿಸಿತು, ಸಣ್ಣ ಟಕ್. ಫೋನ್ ಇಡುವಷ್ಟರಲ್ಲಿ ಅವಳು ಇನ್ನೊಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡಿದ್ದಳು. ಹಾಡು ನಿಂತ ಕಡೆಯಿಂದ ಮತ್ತೆ ಶುರುವಾಯಿತು, ಈ ಸಲ ಇನ್ನೂ ಜೋರಾಗಿ.

ಅವನಿಗೆ ಅಂದು ಯಾವ ಕೆಲಸವೂ ಇರಲಿಲ್ಲ. ಆದರೂ ಷಡಕ್ಷರಿ ಲೇಟಾಗಿಯೇ ಮನೆಗೆ ಹೋದ.